ಬೇಸಿಗೆ ರಜೆಯಲ್ಲಿ ಶಾಲೆಯ ಗುಡ್ಡಗಾಡು ಓಟದ ತಂಡವನ್ನು ಸಜ್ಜುಗೊಳಿಸುವ ಬಗೆ: ಮಾರ್ಚ್‌ನಿಂದ ಮೇ ಅಂತ್ಯದವರೆಗಿನ ಸಮಗ್ರ ಮಾರ್ಗದರ್ಶಿ

ಗುಡ್ಡಗಾಡು ಓಟದಲ್ಲಿ ತಂಡದ ಪ್ರಶಸ್ತಿ ನಿರ್ಧಾರವಾಗುವುದು ಓಟಗಾರರು ಗಳಿಸಿದ ಸ್ಥಾನಗಳ ಮೊತ್ತದಿಂದ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ದೇಶದ ಪರವಾಗಿ ಆರು ಮಂದಿ ಓಡಿದರೂ ಮೊದಲು ಗುರಿ ಮುಟ್ಟಿದ ನಾಲ್ವರ ಸ್ಥಾನಗಳನ್ನಷ್ಟೇ ಕೂಡಿಸುತ್ತಾರೆ. ಯಾರ ಮೊತ್ತ ಕಡಿಮೆಯೋ ಅವರು ಗೆದ್ದಂತೆ. ಒಂದು ಶಾಲೆಯ ಹುಡುಗ ಮೊದಲಿಗನಾಗಿ ಬಂದು, ಅವನ ಜೊತೆಯವರು 30, 41 ಮತ್ತು 52ನೆಯ ಸ್ಥಾನ ಪಡೆದರೆ ಮೊತ್ತ 124 ಆಗುತ್ತದೆ. ಇನ್ನೊಂದು ಶಾಲೆಯ ನಾಲ್ವರು 15, 17, 20, 22ನೆಯವರಾಗಿ ಒಟ್ಟೊಟ್ಟಿಗೆ ಬಂದರೆ ಅವರ ಮೊತ್ತ 74. ಪದಕ ಗೆದ್ದ ಹುಡುಗನ ಶಾಲೆ ಸೋತಿತು, ಹೆಸರೇ ಕೇಳಿರದ ನಾಲ್ವರ ಶಾಲೆ ಗೆದ್ದಿತು. ನಿಮ್ಮ ಜಿಲ್ಲೆಯ ಕ್ರೀಡಾಕೂಟದಲ್ಲಿ ಎಷ್ಟು ಮಂದಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಆ ಸಂಖ್ಯೆ ಎಷ್ಟೇ ಇರಲಿ, ಬೇಸಿಗೆಯ ತರಬೇತಿಯನ್ನು ತಂಡದ ಅತ್ಯುತ್ತಮ ಓಟಗಾರನನ್ನು ನೋಡಿ ರೂಪಿಸಬಾರದು, ನಾಲ್ಕನೆಯವರನ್ನು ನೋಡಿ ರೂಪಿಸಬೇಕು ಎಂಬುದೇ ಈ ಬರಹದ ಆಧಾರ. ಮೊದಲಿಗ ಹೇಗೂ ಓಡಿಕೊಳ್ಳುತ್ತಾನೆ. ರಜೆಯಲ್ಲಿ ಕೈತಪ್ಪಿ ಹೋಗುವವರು ಉಳಿದವರು.

ಕರ್ನಾಟಕದ ಪ್ರೌಢಶಾಲೆಗಳ ಮಟ್ಟಿಗೆ ಕಾಲದ ಲೆಕ್ಕ ಹೀಗಿದೆ. ವಾರ್ಷಿಕ ಪರೀಕ್ಷೆಗಳು ಮುಗಿದು ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ರಜೆ ಆರಂಭವಾಗುತ್ತದೆ, ಮೇ ಕೊನೆಯ ವಾರದಲ್ಲಿ ಶಾಲೆ ಮತ್ತೆ ತೆರೆಯುತ್ತದೆ. ನಡುವೆ ಸಿಗುವುದು ಸುಮಾರು ಏಳು ವಾರ. ಶಾಲೆ ತೆರೆದ ಮೇಲೆ ದಾಖಲಾತಿ, ಪುಸ್ತಕ ವಿತರಣೆ, ಮಳೆ ಎಲ್ಲವೂ ಒಟ್ಟಿಗೆ ಬರುತ್ತವೆ. ನೋಡನೋಡುತ್ತಿದ್ದಂತೆ ಹೋಬಳಿ ಮತ್ತು ತಾಲ್ಲೂಕು ಮಟ್ಟದ ಪಂದ್ಯಗಳು ಎದುರಿಗೆ ನಿಂತಿರುತ್ತವೆ. ಆದ್ದರಿಂದ ದೇಹವನ್ನು ನಿಧಾನವಾಗಿ ಹದಗೊಳಿಸಲು ಈ ಏಳು ವಾರಗಳಿಗಿಂತ ಒಳ್ಳೆಯ ಅವಧಿ ವರ್ಷದಲ್ಲಿ ಇನ್ನೊಂದಿಲ್ಲ. ಆದರೆ ಬಿಸಿಲು ಅತಿ ಹೆಚ್ಚಿರುವುದೂ ಇದೇ ಅವಧಿಯಲ್ಲಿ ಎಂಬುದು ನಿಜವಾದ ತೊಡಕು.

ಮಾರ್ಚ್: ಓಟಕ್ಕೆ ಮುಂಚಿನ ಕೆಲಸ

ತಂಡಕ್ಕೆ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನೇ ಮುಖ್ಯವಾಗಿ ಆರಿಸಬೇಕು. ಹತ್ತನೆಯವರು ಪರೀಕ್ಷೆ ಬರೆದು ಶಾಲೆಯಿಂದ ಹೊರಟಿರುತ್ತಾರೆ. ಪಂದ್ಯಕ್ಕೆ ಆರು ಮಂದಿ ಬೇಕಿದ್ದರೆ ಬೇಸಿಗೆಗೆ ಹುಡುಗರಲ್ಲಿ ಹನ್ನೆರಡು, ಹುಡುಗಿಯರಲ್ಲಿ ಹನ್ನೆರಡು ಮಂದಿ ಇರಲಿ. ಆರಿಸುವಾಗ 100 ಮೀಟರ್ ವೇಗವನ್ನು ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ. ದಿನವೂ ನಾಲ್ಕು ಕಿಲೋಮೀಟರ್ ನಡೆದು ಶಾಲೆಗೆ ಬರುವ ಹುಡುಗಿ, ಆಟದ ಪೀರಿಯಡ್‌ನಲ್ಲಿ ಕೊನೆಯವರೆಗೂ ಕುಳಿತುಕೊಳ್ಳದ ಹುಡುಗ, ಸೋತ ಮರುದಿನವೂ ಮೈದಾನಕ್ಕೆ ಬರುವ ಮಗು, ಇಂಥವರು ಈ ಓಟಕ್ಕೆ ಒಗ್ಗುತ್ತಾರೆ.

ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ರಜೆಯ ತರಬೇತಿಗೆ ಲಿಖಿತ ಅನುಮತಿ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಸಾಲದು. ಹುಡುಗಿಯರ ತಂಡವಿದ್ದರೆ ಒಬ್ಬ ಶಿಕ್ಷಕಿ ಅಥವಾ ಒಬ್ಬ ತಾಯಿ ಪ್ರತಿದಿನ ಮೈದಾನದಲ್ಲಿ ಇರುವಂತೆ ಸರದಿ ಗೊತ್ತುಮಾಡಬೇಕು, ರಜೆಯಲ್ಲಿ ಶಾಲೆಯ ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಆಗಲೇ ತೀರ್ಮಾನಿಸಬೇಕು. ಸಣ್ಣ ವಿಷಯವೆಂದು ಇದನ್ನು ಬಿಟ್ಟರೆ ಎರಡನೆಯ ವಾರದಿಂದ ಹುಡುಗಿಯರು ಕಾರಣ ಹೇಳದೆ ಬರುವುದನ್ನು ನಿಲ್ಲಿಸುತ್ತಾರೆ.

ಪೋಷಕರ ಸಭೆಯಲ್ಲಿ ಪ್ರತಿ ಮಗುವಿನ ಬಗ್ಗೆ ಕೆಲವು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಓಡುವಾಗ ಎಂದಾದರೂ ತಲೆಸುತ್ತಿ ಬಿದ್ದಿದೆಯೇ, ಎದೆನೋವು ಬಂದಿದೆಯೇ, ಉಬ್ಬಸವಿದೆಯೇ, ಮೂರ್ಛೆ ರೋಗವಿದೆಯೇ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರೆಯೇ? ಒಂದಕ್ಕೆ ಹೌದು ಎಂದರೂ ವೈದ್ಯರು ನೋಡಿ ಒಪ್ಪಿಗೆ ಕೊಡುವವರೆಗೆ ಆ ಮಗುವನ್ನು ಓಡಿಸಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಅಷ್ಟೇ ಮುಖ್ಯ. ಹನ್ನೆರಡು ವರ್ಷ ದಾಟಿದ ಹುಡುಗಿಯರಲ್ಲಿ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದರ್ಥ. ರಕ್ತ ಕಡಿಮೆ ಇರುವ ಮಗು ಎಷ್ಟು ಶ್ರದ್ಧೆಯಿಂದ ಓಡಿದರೂ ಮುಂದುವರಿಯಲಾರದು. ಅದನ್ನು ಸೋಮಾರಿ ಎಂದು ಬೈಯುವುದು ಅನ್ಯಾಯ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ರಜೆಯಲ್ಲಿ ತಪ್ಪಿಹೋಗದಂತೆ ಆರೋಗ್ಯ ಕಾರ್ಯಕರ್ತೆಯರನ್ನು ಕೇಳಿ ವ್ಯವಸ್ಥೆ ಮಾಡಿಕೊಳ್ಳಬೇಕು.

ದಾರಿ ಮತ್ತು ಹೊತ್ತು

ಡಾಂಬರು ರಸ್ತೆಯನ್ನು ಸಾಧ್ಯವಾದಷ್ಟೂ ಬಿಡಬೇಕು. ಕೆರೆ ಏರಿ, ಗೋಮಾಳ, ಕೊಯ್ಲಾದ ಹೊಲದ ಬದಿಯ ಬಂಡಿ ದಾರಿ, ತೆಂಗಿನ ತೋಟದ ನಡುವಿನ ಹಾದಿ ಇವೇ ಈ ಓಟದ ನಿಜವಾದ ಮೈದಾನಗಳು. ತೋಟದ ಮಾಲೀಕರನ್ನು ಮೊದಲೇ ಕಂಡು ಕೇಳಿಕೊಂಡರೆ ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಸೈಕಲ್ಲಿನಲ್ಲೋ ಮೊಬೈಲಿನ ಜಿಪಿಎಸ್‌ನಲ್ಲೋ ಅಳೆದು ಒಂದು, ಎರಡು ಮತ್ತು ಮೂರು ಕಿಲೋಮೀಟರಿನ ಸುತ್ತುಗಳನ್ನು ಗುರುತು ಮಾಡಿಕೊಳ್ಳಬೇಕು. ಹೋಗಿ ಬರುವ ಒಂದೇ ಉದ್ದದ ದಾರಿಗಿಂತ ಸುತ್ತಿ ಬರುವ ಚಿಕ್ಕ ದಾರಿಗಳು ಉತ್ತಮ, ಏಕೆಂದರೆ ಆಗ ಪ್ರತಿ ಮಗುವೂ ಕೆಲವು ನಿಮಿಷಗಳಿಗೊಮ್ಮೆ ನೀರಿನ ಕೊಡದ ಮುಂದೆ, ಶಿಕ್ಷಕರ ಕಣ್ಣೆದುರು ಹಾದುಹೋಗುತ್ತದೆ. ರಸ್ತೆ ಅನಿವಾರ್ಯವಾದ ಕಡೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಒಬ್ಬರ ಹಿಂದೊಬ್ಬರು ಓಡಬೇಕು. ನಾಯಿಗಳಿರುವ ದಾರಿಯನ್ನು ಬಿಟ್ಟುಬಿಡುವುದೇ ಲೇಸು. ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು, ಅದೇ ದಿನ ಲಸಿಕೆಗೆ ಕರೆದೊಯ್ಯಬೇಕು.

ಬೆಳಿಗ್ಗೆ 5.45ಕ್ಕೆ ಸೇರಿ 7.15ರೊಳಗೆ ಮನೆಗೆ ಕಳುಹಿಸುವುದು ಹಳೆ ಮೈಸೂರು ಭಾಗಕ್ಕೆ ಸರಿಹೊಂದುತ್ತದೆ. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಇನ್ನೂ ಬೇಗ ಮುಗಿಸಬೇಕು. ಆ ಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುತ್ತವೆ ಎಂದ ಮೇಲೆ ಮಕ್ಕಳನ್ನು ಬಿಸಿಲಿಗೆ ಬಿಡುವ ಮಾತೇ ಇಲ್ಲ. ಕರಾವಳಿಯಲ್ಲಿ ಉಷ್ಣಾಂಶ ಅಷ್ಟಿಲ್ಲದಿದ್ದರೂ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಆದ್ದರಿಂದ ಮಂಗಳೂರು, ಉಡುಪಿ, ಕಾರವಾರದ ಶಾಲೆಗಳವರು ಥರ್ಮಾಮೀಟರಿನ ಅಂಕಿಯನ್ನು ನಂಬಿ ಓಟದ ಅವಧಿಯನ್ನು ಹೆಚ್ಚಿಸಬಾರದು. ಸಂಜೆಯ ತರಬೇತಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ನೆಲ ಕಾದಿರುತ್ತದೆ, ಭರಣಿ ಮತ್ತು ಕೃತ್ತಿಕಾ ಮಳೆಯ ದಿನಗಳಲ್ಲಿ ನಾಲ್ಕು ಗಂಟೆಯ ಮೇಲೆ ಗುಡುಗು ಸಿಡಿಲು ಸಾಮಾನ್ಯ, ಕೆರೆ ಏರಿಯ ಮೇಲೆ ಓಡುವವರೇ ಸುತ್ತಲಿನ ಎಲ್ಲಕ್ಕಿಂತ ಎತ್ತರದಲ್ಲಿ ಇರುತ್ತಾರೆ. ಗುಡುಗು ಕೇಳಿಸಿದ ತಕ್ಷಣ ಕಟ್ಟಡದೊಳಕ್ಕೆ ಹೋಗಬೇಕು, ಮರದ ಕೆಳಗಲ್ಲ. ಕೊನೆಯ ಗುಡುಗಿನ ನಂತರ ಮೂವತ್ತು ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಶಿಕ್ಷಕರ ಮೊಬೈಲಿನಲ್ಲಿ ಇರಲಿ.

ಮೊದಲ ಎರಡು ವಾರ: ಬಿಸಿಲಿಗೆ ಒಗ್ಗಿಸುವುದು

ಬಿಸಿಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಇದನ್ನು ಅವಸರಪಡಿಸಲು ಬರುವುದಿಲ್ಲ. ಒಗ್ಗಿದ ದೇಹವೂ ಒಂದೆರಡು ವಾರ ಬಿಟ್ಟರೆ ಮರೆತುಬಿಡುತ್ತದೆ, ಹಾಗಾಗಿ ಊರಿಗೆ ಹೋಗಿ ಬಂದ ಮಗು ಮತ್ತೆ ಕೆಳಗಿನ ಮೆಟ್ಟಿಲಿನಿಂದಲೇ ಆರಂಭಿಸಬೇಕು.

ಈ ಎರಡು ವಾರಗಳಲ್ಲಿ ವಾರಕ್ಕೆ ನಾಲ್ಕು ದಿನ ಓಟ ಸಾಕು. ಲೆಕ್ಕವನ್ನು ಕಿಲೋಮೀಟರಿನಲ್ಲಿ ಇಡದೆ ನಿಮಿಷಗಳಲ್ಲಿ ಇಡಬೇಕು. ಕಿಲೋಮೀಟರ್ ಎಂದೊಡನೆ ಮಕ್ಕಳು ಪೈಪೋಟಿಗಿಳಿಯುತ್ತಾರೆ. ಹೊಸಬರು ಮೂರು ನಿಮಿಷ ಓಡಿ ಒಂದು ನಿಮಿಷ ನಡೆಯುವುದನ್ನು ಐದು ಸಲ ಮಾಡಲಿ, ಹಿಂದಿನ ವರ್ಷ ಓಡಿದವರು ಇಪ್ಪತ್ತೈದು ನಿಮಿಷ ನಿಲ್ಲದೆ ನಿಧಾನವಾಗಿ ಓಡಲಿ. ನಿಧಾನ ಎಷ್ಟು ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಪಕ್ಕದಲ್ಲಿ ಸೈಕಲ್ ತುಳಿಯುತ್ತ ಹದಿಮೂರರ ಮಗ್ಗಿ ಹೇಳಿಸಬೇಕು. ಪ್ರತಿ ಸಾಲನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರೆ ವೇಗ ಸರಿಯಾಗಿದೆ. ‘ಹದಿಮೂರ್ ನಾಲ್ಕ್ಲಿ’ ಎಂದು ನಿಲ್ಲಿಸಿ, ಉಸಿರೆಳೆದುಕೊಂಡು ‘ಐವತ್ತೆರಡು’ ಎನ್ನುವ ಮಗು ಅತಿ ಜೋರಾಗಿ ಓಡುತ್ತಿದೆ ಎಂದು ತಿಳಿಯಬೇಕು.

ಮಕ್ಕಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಏದುಸಿರು ಬಿಡದಿದ್ದರೆ ಅಭ್ಯಾಸವೇ ಅಲ್ಲವೆಂಬ ಭಾವನೆ ಅವರಲ್ಲಿರುತ್ತದೆ. ಅವರಿಗೆ ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಅವರ ಕಥೆ ಹೇಳಬಹುದು. ತಮ್ಮ ಓಟಗಾರರನ್ನು ಅವರು ಋತುವಿನ ಆರಂಭದಲ್ಲಿ ಟ್ರ್ಯಾಕಿಗೆ ಕಳುಹಿಸದೆ ಆಕ್ಲೆಂಡಿನ ಬಳಿಯ ಬೆಟ್ಟದ ದಾರಿಗಳಲ್ಲಿ ವಾರಗಟ್ಟಲೆ ದೀರ್ಘವಾಗಿ ಓಡಿಸುತ್ತಿದ್ದರು. ಹಾಗೆ ಓಡಿದ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದರು, 1964ರಲ್ಲಿ ಟೋಕಿಯೊದಲ್ಲಿ 800 ಮತ್ತು 1500 ಮೀಟರ್ ಎರಡನ್ನೂ ಗೆದ್ದರು. ಎರಡು ನಿಮಿಷವೂ ಹಿಡಿಯದ ಓಟಕ್ಕೆ ಅಷ್ಟು ದೀರ್ಘ ಓಟದ ತಳಹದಿ ಬೇಕಾಯಿತೆಂದರೆ, ನಮ್ಮ ಮಕ್ಕಳ ಓಟಕ್ಕೆ ಬೇಡವೇ? ಅವರು ಓಡುತ್ತಿದ್ದ ಮೈಲಿಗಳನ್ನು ಮಾತ್ರ ಶಾಲಾ ಮಕ್ಕಳಿಗೆ ಹೇರಬಾರದು. ಅಥ್ಲೆಟಿಕ್ಸ್ ಫೆಡರೇಷನ್ ಆಫ್ ಇಂಡಿಯಾದ ರಾಷ್ಟ್ರೀಯ ಗುಡ್ಡಗಾಡು ಓಟದಲ್ಲಿಯೇ 16 ವರ್ಷದೊಳಗಿನವರಿಗೆ ಇರುವುದು 2 ಕಿಲೋಮೀಟರ್.

ಮೂರರಿಂದ ಏಳನೆಯ ವಾರದವರೆಗೆ

ಮೂರನೆಯ ವಾರದಿಂದ ಓಟದ ದಿನಗಳು ಐದಾಗಲಿ. ಹೊಸಬರು ನಡಿಗೆಯ ಬಿಡುವನ್ನು ಕ್ರಮೇಣ ಕಡಿಮೆ ಮಾಡುತ್ತ ಇಪ್ಪತ್ತು ನಿಮಿಷದ ನಿರಂತರ ಓಟಕ್ಕೆ ಬರಬೇಕು. ಶನಿವಾರ ದೀರ್ಘ ಓಟದ ದಿನ: ಅನುಭವಿಗಳಿಗೆ ಮೂವತ್ತೈದು ನಿಮಿಷದಿಂದ ಆರಂಭಿಸಿ ಆರನೆಯ ವಾರಕ್ಕೆ ಐವತ್ತರವರೆಗೆ, ಹೊಸಬರಿಗೆ ಮೂವತ್ತರವರೆಗೆ ಸಾಕು. ನಾಲ್ಕನೆಯ ವಾರ ಎಲ್ಲರಿಗೂ ಹಗುರವಾಗಿರಬೇಕು. ಆಗ ಒಟ್ಟು ನಿಮಿಷಗಳನ್ನು ಮೂರನೆಯ ಒಂದು ಭಾಗದಷ್ಟು ಇಳಿಸುವುದು ಕ್ರಮ. ಬೆಳೆಯುವ ಮೂಳೆಗೆ ಈ ಬಿಡುವು ಬೇಕೇ ಬೇಕು. ಭಾನುವಾರ ಪೂರ್ಣ ವಿಶ್ರಾಂತಿ.

ವಾರಕ್ಕೆ ಎರಡು ದಿನ, ಸುಲಭದ ಓಟ ಮುಗಿದ ಮೇಲೆ, ಹುಲ್ಲಿನ ಮೇಲೆ ಸುಮಾರು 80 ಮೀಟರ್ ದೂರವನ್ನು ನಾಲ್ಕು ಸಲ ಚುರುಕಾಗಿ, ಆದರೆ ಮುಖ ಬಿಗಿಯದಂತೆ ಓಡಿಸಬೇಕು. ಕಾಲು ವೇಗವನ್ನು ಮರೆಯದಿರಲು ಇಷ್ಟೇ ಸಾಕು. ಇನ್ನೆರಡು ದಿನ ಹದಿನೈದು ನಿಮಿಷ ಬಲವರ್ಧನೆ: ಬಸ್ಕಿ, ಒಂದೊಂದೇ ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಮೊಣಕೈ ಊರಿ ಮೈಯನ್ನು ನೇರವಾಗಿ ಹಿಡಿಯುವುದು. ಉಪಕರಣ ಬೇಡ, ಜಗಲಿ ಸಾಕು.

ಏರು ದಾರಿಯ ಅಭ್ಯಾಸಕ್ಕೆ ಹೆಚ್ಚಿನ ಗಮನ ಕೊಡಬೇಕು. ನಮ್ಮ ಬಯಲುಸೀಮೆಯ ಬಹುತೇಕ ಊರುಗಳಲ್ಲಿ ಕೆರೆಯ ಕೆಳಗಿನ ಗದ್ದೆ ದಾರಿಯಿಂದ ಏರಿಯ ಮೇಲಕ್ಕೆ ಹತ್ತುವ ಒಂದು ಇಳಿಜಾರು ಇರುತ್ತದೆ. ಇಪ್ಪತ್ತು ಸೆಕೆಂಡು ಹತ್ತುವಷ್ಟು ಉದ್ದವಿದ್ದರೆ ಅದು ಹೇಳಿ ಮಾಡಿಸಿದ ಜಾಗ. ಐದನೆಯ ವಾರದಲ್ಲಿ ನಾಲ್ಕು ಸಲ ಹತ್ತಿಸಿ ಪ್ರತಿ ಸಲವೂ ನಡೆದು ಇಳಿಸಬೇಕು, ಆರನೆಯ ವಾರಕ್ಕೆ ಆರು ಸಲ, ಅದಕ್ಕಿಂತ ಹೆಚ್ಚು ಬೇಡ. ಹತ್ತುವಾಗ ಮಕ್ಕಳು ಮಾಡುವ ತಪ್ಪುಗಳು ಒಂದೇ ಬಗೆಯವು. ಸೊಂಟ ಬಗ್ಗಿ ಎದೆ ಮುಂದಕ್ಕೆ ಜೋಲುತ್ತದೆ, ಕಣ್ಣು ಪಾದವನ್ನೇ ನೋಡುತ್ತದೆ, ಹೆಜ್ಜೆ ಉದ್ದವಾಗುತ್ತದೆ. ನಾಲ್ಕೈದು ಮೀಟರ್ ಮುಂದೆ ನೋಡಲು ಹೇಳಿದರೆ ಎದೆ ತಾನಾಗಿ ಮೇಲಕ್ಕೆ ಬರುತ್ತದೆ, ಕೈಯನ್ನು ಚುರುಕಾಗಿ ಬೀಸಲು ಹೇಳಿದರೆ ಹೆಜ್ಜೆ ತಾನಾಗಿ ಚಿಕ್ಕದಾಗುತ್ತದೆ. ಏರಿಯ ನೆತ್ತಿಯಲ್ಲಿ ನಿಲ್ಲಲು ಬಿಡಬಾರದು. ನೆತ್ತಿ ದಾಟಿ ಹತ್ತು ಹೆಜ್ಜೆ ಓಡಿದ ಮೇಲೆಯೇ ನಡಿಗೆ. ಪಂದ್ಯದಲ್ಲಿ ಹೆಚ್ಚಿನವರು ಸುಧಾರಿಸಿಕೊಳ್ಳುವುದು ಆ ಹತ್ತು ಹೆಜ್ಜೆಗಳಲ್ಲೇ, ನಮ್ಮ ತಂಡ ಅವರನ್ನು ಹಿಂದಿಕ್ಕಬೇಕಾದುದೂ ಅಲ್ಲೇ. ಇಳಿಯುವ ಕಲೆಯನ್ನು ಪ್ರತ್ಯೇಕವಾಗಿ, ಇಳಿಜಾರು ಕಡಿಮೆಯಿರುವ ಹುಲ್ಲಿನ ಜಾಗದಲ್ಲಿ ಕಲಿಸಬೇಕು. ಹಿಮ್ಮಡಿ ಊರಿ ಬ್ರೇಕ್ ಹಾಕದೆ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ, ಕೈಗಳನ್ನು ಸ್ವಲ್ಪ ಅಗಲಿಸಿ ಇಳಿಯುವುದು ಸರಿಯಾದ ಕ್ರಮ.

ಆರನೆಯ ವಾರದಲ್ಲಿ ಒಂದು ದಿನ ಫಾರ್ಟ್‌ಲೆಕ್ ಸೇರಿಸಬಹುದು. ಸ್ವೀಡನ್ನಿನ ಕೋಚ್ ಯೋಸ್ಟಾ ಹೋಲ್ಮರ್ 1930ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಓಡುತ್ತಲೇ ವೇಗವನ್ನು ಏರಿಸಿ ಇಳಿಸುತ್ತಾರೆ. ಆ ತೆಂಗಿನ ಮರದಿಂದ ಪಂಪ್‌ಹೌಸಿನವರೆಗೆ ಜೋರಾಗಿ, ಅಲ್ಲಿಂದ ಬೇಲಿ ತಿರುಗುವವರೆಗೆ ನಿಧಾನ, ಹೀಗೆ. ವೇಗದ ಗುರುತನ್ನು ಸರದಿಯಂತೆ ಒಬ್ಬೊಬ್ಬರೂ ಹೇಳಲಿ. ನಾಲ್ಕನೆಯ ಐದನೆಯ ಓಟಗಾರರು ಹೇಳುವಾಗ ಮೊದಲಿಗರು ಅದನ್ನು ಪಾಲಿಸುವುದು ತಂಡಕ್ಕೆ ಒಳ್ಳೆಯದು.

ಸಮಯ ನೋಡುವ ಓಟ ಏಳನೆಯ ವಾರದವರೆಗೆ ಬೇಡ. ಆಗ 2 ಕಿಲೋಮೀಟರ್ ಸುತ್ತಿನಲ್ಲಿ ಒಂದೇ ಒಂದು ಸಲ ಓಡಿಸಿ, ಮೊದಲಿಗನ ಸಮಯಕ್ಕಿಂತ ಮುಖ್ಯವಾಗಿ ಮೊದಲನೆಯವರಿಗೂ ನಾಲ್ಕನೆಯವರಿಗೂ ಇರುವ ಅಂತರವನ್ನು ಬರೆದಿಟ್ಟುಕೊಳ್ಳಬೇಕು. ಜೂನ್ ಮತ್ತು ಜುಲೈನಲ್ಲಿ ಕುಗ್ಗಿಸಬೇಕಾದ ಅಂಕಿ ಅದು.

ಅಜ್ಜಿ ಮನೆಗೆ ಹೋಗುವವರು

ಏಳು ವಾರವೂ ಎಲ್ಲರೂ ಊರಲ್ಲೇ ಇರುತ್ತಾರೆಂದು ಯೋಜಿಸುವುದು ವ್ಯರ್ಥ. ಮಕ್ಕಳು ಅಜ್ಜಿ ಮನೆಗೆ ಹೋಗುತ್ತಾರೆ, ಮದುವೆಗಳಿರುತ್ತವೆ, ಊರ ಜಾತ್ರೆ ಬರುತ್ತದೆ, ಕೆಲವರು ಮಾವಿನ ತೋಟದಲ್ಲೋ ರೇಷ್ಮೆ ಮನೆಯಲ್ಲೋ ಅಪ್ಪ ಅಮ್ಮನಿಗೆ ಕೈಜೋಡಿಸಬೇಕಾಗುತ್ತದೆ. ಇದನ್ನು ಗೈರುಹಾಜರಿ ಎಂದು ದಂಡಿಸಿದರೆ ಮಗು ತಂಡವನ್ನೇ ಬಿಡುತ್ತದೆ. ಬದಲಿಗೆ ಹೊರಡುವ ಮುನ್ನ ಅರ್ಧ ಹಾಳೆಯ ಒಂದು ಚೀಟಿ ಬರೆದುಕೊಡಬೇಕು: ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳರೊಳಗೆ, ಇಷ್ಟು ನಿಮಿಷ, ದೊಡ್ಡವರೊಬ್ಬರಿಗೆ ಯಾವ ದಾರಿಯೆಂದು ಹೇಳಿ ಹೋಗುವುದು, ಒಬ್ಬರೇ ಹೋಗದೆ ಅಣ್ಣನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಳ್ಳುವುದು, ಯಾವ ದಿನ ಓಡಿದೆ ಎಂದು ಚೀಟಿಯ ಹಿಂಬದಿಯಲ್ಲಿ ಗುರುತು ಹಾಕುವುದು. ಹೊಲದಲ್ಲಿ ಇಡೀ ದಿನ ದುಡಿದ ಮಗುವಿಗೆ ಆ ದಿನದ ಓಟ ಬೇಡವೆಂದು ಅದೇ ಚೀಟಿಯಲ್ಲಿ ಬರೆಯಬೇಕು. ಗುರುತು ಕಡಿಮೆ ಇದ್ದರೆ ಬೈಯದೆ, ಇದ್ದ ಹಾಗೆ ಒಪ್ಪಿಕೊಂಡರೆ ಮಾತ್ರ ಮಕ್ಕಳು ನಿಜ ಬರೆಯುತ್ತಾರೆ.

ನೀರು, ಊಟ, ಬಿಸಿಲಿನ ಹೊಡೆತ

ಎದ್ದ ಕೂಡಲೇ ಒಂದು ದೊಡ್ಡ ಲೋಟ ನೀರು, ಓಟದ ನಡುವೆ ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟ, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ, ಇಷ್ಟು ಸಾಮಾನ್ಯ ಕ್ರಮ. ತುಂಬ ಬೆವರಿದ ದಿನಗಳಿಗೆ ಒಆರ್‌ಎಸ್ ಪೊಟ್ಟಣಗಳು ಇರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೂತ್ರ ಗಾಢ ಹಳದಿಯಿದ್ದರೆ ನೀರು ಸಾಲದು ಎಂಬುದನ್ನು ಮಕ್ಕಳಿಗೆ ಮುಜುಗರವಿಲ್ಲದೆ ಹೇಳಿಕೊಡಬೇಕು.

ರಜೆಯಲ್ಲಿ ಬಿಸಿಯೂಟವೂ ಶಾಲೆಯ ಹಾಲು ಮೊಟ್ಟೆಯೂ ಸಾಮಾನ್ಯವಾಗಿ ನಿಲ್ಲುತ್ತವೆ. ಹೆಚ್ಚು ಓಡುವ ತಿಂಗಳಲ್ಲೇ ಕೆಲವು ಮಕ್ಕಳ ಊಟ ಕಡಿಮೆಯಾಗುತ್ತದೆ, ಈ ಮಾತನ್ನು ಪೋಷಕರ ಸಭೆಯಲ್ಲಿ ನೇರವಾಗಿ ಎತ್ತಬೇಕು. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು ಸಾಕು. ಓಟದ ನಂತರ ರಾಗಿ ಅಂಬಲಿ, ನೆನೆಸಿದ ಶೇಂಗಾ ಮತ್ತು ಬೆಲ್ಲ, ಮೊಳಕೆ ಕಾಳು, ಒಗ್ಗುವವರಿಗೆ ಮೊಟ್ಟೆ. ಮುದ್ದೆಯಾಗಲಿ ಜೋಳದ ರೊಟ್ಟಿಯಾಗಲಿ, ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ, ಊಟದ ಜೊತೆಗೆ ಟೀ ಕುಡಿದರೆ ಹತ್ತುವುದಿಲ್ಲ. ಓಟಕ್ಕಾಗಿ ತೂಕ ಇಳಿಸಬೇಕೆಂಬ ಮಾತನ್ನು ಯಾರೂ ಮಕ್ಕಳ ಮುಂದೆ ಆಡಬಾರದು. ಮುಟ್ಟು ನಿಯಮಿತವಾಗಿದ್ದ ಹುಡುಗಿಗೆ ಅದು ನಿಂತರೆ ಊಟ ಸಾಲದಿರುವುದರ ಲಕ್ಷಣವಿರಬಹುದು. ಶಿಕ್ಷಕಿಯ ಮೂಲಕ ವೈದ್ಯರಿಗೆ ತಿಳಿಸಬೇಕು.

ಬಿಸಿಲಿನಿಂದ ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಬಂದರೆ ನೆರಳಲ್ಲಿ ಮಲಗಿಸಿ, ಕಾಲು ಎತ್ತರಿಸಿ, ನೀರು ಕೊಟ್ಟರೆ ಸುಧಾರಿಸುತ್ತದೆ. ಆದರೆ ಮಗು ತಡವರಿಸಿ ಮಾತನಾಡಿದರೆ, ದಿಕ್ಕು ತಪ್ಪಿದಂತೆ ನಡೆದರೆ, ಪ್ರಜ್ಞೆ ತಪ್ಪಿದರೆ ಅದು ಪ್ರಾಣಾಪಾಯ. ಮೈ ಬೆವರುತ್ತಿದೆಯಲ್ಲ ಎಂದು ಸಮಾಧಾನಪಡಬಾರದು. ಒಬ್ಬರು 108ಕ್ಕೆ ಕರೆ ಮಾಡಬೇಕು, ಉಳಿದವರು ಅದೇ ಕ್ಷಣ ಮಗುವನ್ನು ಕುತ್ತಿಗೆಯವರೆಗೆ ತಣ್ಣೀರಿನ ತೊಟ್ಟಿಯಲ್ಲಿ ತಲೆ ಹಿಡಿದು ಕೂರಿಸಬೇಕು; ತೊಟ್ಟಿ ಇಲ್ಲದಿದ್ದರೆ ಇಡೀ ಮೈ ಮೇಲೆ ನಿಲ್ಲಿಸದೆ ನೀರು ಸುರಿದು ಗಾಳಿ ಹಾಕಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಆಂಬುಲೆನ್ಸ್ ಬರುವವರೆಗೆ ತಂಪು ಮಾಡುವುದನ್ನು ಬಿಡಬಾರದು, ಏಕೆಂದರೆ ಜೀವ ಉಳಿಸುವುದು ಆ ನಿಮಿಷಗಳೇ. ಆದ್ದರಿಂದಲೇ ಓಟ ಆರಂಭವಾಗುವ ಮೊದಲೇ ಹತ್ತಿರದ ಒಂದು ತೊಟ್ಟಿಯಲ್ಲಿ ನೀರು ತುಂಬಿಸಿಟ್ಟಿರಬೇಕು.

ನೋವು ಮತ್ತು ಷೂ

ಸ್ನಾಯು ನೋವು ಎರಡು ಕಾಲಿನಲ್ಲೂ ಒಂದೇ ಸಮನಾಗಿದ್ದು ಓಡುತ್ತ ಕಡಿಮೆಯಾದರೆ ಚಿಂತೆಯಿಲ್ಲ. ಒಂದೇ ಕಾಲಿನಲ್ಲಿ, ಕಣಕಾಲಿನ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾದರೆ, ರಾತ್ರಿಯೂ ನೋಯುತ್ತಿದ್ದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಇರಬಹುದು. ಅಂಥ ಮಗುವಿನ ಓಟವನ್ನು ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕುಂಟುತ್ತ ಓಡುವ ಮಗುವನ್ನು ಯಾವ ಕಾರಣಕ್ಕೂ ಓಡಲು ಬಿಡಬಾರದು.

ದುಬಾರಿ ಷೂ ಅಗತ್ಯವಿಲ್ಲ, ಆದರೆ ಹಿಮ್ಮಡಿಯ ಅಡಿ ಸವೆದು ಒಂದು ಬದಿಗೆ ವಾಲಿದ ಷೂ ಬರಿಗಾಲಿಗಿಂತ ಕೆಟ್ಟದ್ದು. ಬರಿಗಾಲಲ್ಲೇ ಓಡಿ ರೂಢಿಯಾದ ಮಕ್ಕಳಿಗೆ ಒಮ್ಮೆಲೇ ಷೂ ಹಾಕಿಸದೆ, ಮೊದಲು ನಡಿಗೆಗೆ, ಆಮೇಲೆ ಅರ್ಧ ಓಟಕ್ಕೆ ಎಂದು ರೂಢಿ ಮಾಡಿಸಬೇಕು.

ಇವೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೊಂದು ಪುಟದಂತೆ ಬರೆದಿಡಬೇಕು: ಬಂದ ದಿನಗಳು, ಓಡಿದ ನಿಮಿಷಗಳು, ನೋವಿನ ಜಾಗ, ಹಿಮೋಗ್ಲೋಬಿನ್, ಏಳನೆಯ ವಾರದ ಸಮಯ. ದೈಹಿಕ ಶಿಕ್ಷಣ ಶಿಕ್ಷಕರ ವರ್ಗಾವಣೆ ಯಾವಾಗ ಬರುತ್ತದೆಂದು ಹೇಳಲಾಗದು; ಆ ನೋಟ್‌ಬುಕ್ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇದ್ದರೆ ಹೊಸದಾಗಿ ಬರುವವರು ಜೂನ್‌ನ ಮೊದಲ ದಿನದಿಂದಲೇ ತರಬೇತಿಯನ್ನು ಮುಂದುವರಿಸಬಹುದು.